ಓಎಸ್ ಹೊಸದಾಗಿ ಹಾಕಿದ್ಮೇಲೆ ಎನ್‌ಕ್ರಿಪ್ಟ್ ಆಗಿರೋ ಫೈಲ್ ಓಪನ್ ಆಗ್ತಿಲ್ವಾ? ಫೈಲ್ ಬಿಡಿ, ಮೊದ್ಲು ಕೀ ಹುಡುಕಿ

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತಲ್ಲ, ಅದರ ಹಿಂದೆ ಮುಂದೆ ತುಂಬಾ ಜನ ಅಂಗಡಿಗೆ ಕೊಟ್ಟೋ ಇಲ್ಲ ಮನೇಲೇ ಕೂತೋ ವಿಂಡೋಸ್ 11 ಹಾಕ್ಕೊಂಡ್ರು. "ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿ, ಡಿ ಡ್ರೈವ್ ಮುಟ್ಬೇಡಿ, ಫೋಟೋ ಎಲ್ಲಾ ಅಲ್ಲಿದೆ" ಅಂತ ಹೇಳಿಯೂ ಇರ್ತಾರೆ, ಅಂಗಡಿಯವರು ನಿಜವಾಗ್ಲೂ ಮುಟ್ಟಿರಲ್ಲ. ಮನೆಗೆ ತಂದು ನೋಡಿದ್ರೆ ಫೋಲ್ಡರ್ ಹಾಗೇ ಇದೆ, ಫೈಲ್ ಹೆಸ್ರು ಸರಿ ಇದೆ, ಸೈಜೂ ಸರಿ ಇದೆ, ಡಬಲ್ ಕ್ಲಿಕ್ ಮಾಡಿದ್ರೆ ಮಾತ್ರ "ಆಕ್ಸೆಸ್ ಈಸ್ ಡಿನೈಡ್". ಪೆನ್‌ಡ್ರೈವ್‌ಗೆ ಕಾಪಿ ಮಾಡೋಣ ಅಂದ್ರೆ ಅದೂ ಆಗಲ್ಲ.

ಇಲ್ಲಿಂದ ಮುಂದೆ ಜನ ಮಾಡೋ ಕೆಲಸಗಳೇ ಅಪಾಯ. ಯಾವುದೋ ವಿಡಿಯೋ ನೋಡಿ ಸಿಕ್ಕ ಸಿಕ್ಕ ರಿಕವರಿ ಸಾಫ್ಟ್‌ವೇರ್‌ನ ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡ್ತಾರೆ, ಡಿಸ್ಕ್ ಕ್ಲೀನಪ್ ಓಡಿಸ್ತಾರೆ, ಅದೂ ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಓಎಸ್ ಹಾಕ್ತಾರೆ. ಉಳಿದಿದ್ದ ಚೂರುಪಾರು ಚಾನ್ಸೂ ಅಲ್ಲಿಗೆ ಮುಗೀತು. ಹಾಗಾಗಿ ಮೊದಲನೇ ಸ್ಟೆಪ್ಪು ಏನಂದ್ರೆ ಏನೂ ಮಾಡ್ದೆ ಸುಮ್ನೆ ಕೂರೋದು. ಆ ಕಂಪ್ಯೂಟರ್ ಆಫ್ ಮಾಡಿ, ಇದನ್ನ ಫೋನಲ್ಲೋ ಬೇರೆ ಲ್ಯಾಪ್‌ಟಾಪಲ್ಲೋ ಪೂರ್ತಿ ಓದಿ, ಆಮೇಲೆ ಆನ್ ಮಾಡಿ.

ಮೊದ್ಲು ಇದು ಯಾವ ತರದ ಲಾಕ್ ಅಂತ ತಿಳ್ಕೊಳ್ಳಿ

ಎನ್‌ಕ್ರಿಪ್ಷನ್ ಅಂದ್ರೆ ಕೀ ಇಲ್ದೆ ಯಾರೂ ಓದೋಕಾಗ್ದಂಗೆ ಫೈಲ್ ಒಳಗಿರೋದನ್ನ ಲಾಕ್ ಮಾಡೋದು. ಓಪನ್ ಆಗ್ದಿರೋದೆಲ್ಲಾ ಎನ್‌ಕ್ರಿಪ್ಷನ್ ಅಲ್ಲ. ನಮ್ಮ ಕಡೆ ಒಂದು ಕೇಸ್ ಪದೇ ಪದೇ ಬರುತ್ತೆ, ನುಡಿನಲ್ಲೋ ಬರಹದಲ್ಲೋ ಶ್ರೀಲಿಪಿಯಲ್ಲೋ ಟೈಪ್ ಮಾಡಿದ್ದ ಹಳೇ ವರ್ಡ್ ಫೈಲು, ಓಎಸ್ ಹಾಕಿದ್ಮೇಲೆ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ, ಒಂದಕ್ಕೊಂದು ಸಂಬಂಧ ಇಲ್ಲ. ಫೈಲ್ ಕರಪ್ಟ್ ಆಯ್ತು, ಯಾರೋ ಲಾಕ್ ಮಾಡಿದಾರೆ ಅಂತ ಗಾಬರಿ ಆಗ್ತಾರೆ. ಏನೂ ಆಗಿಲ್ಲ, ಸಿ ಡ್ರೈವ್ ಜೊತೆ ಆ ಫಾಂಟ್ ಹೋಗಿದೆ ಅಷ್ಟೇ. ಯಾವುದರಲ್ಲಿ ಟೈಪ್ ಮಾಡಿದ್ರೋ ಆ ಸಾಫ್ಟ್‌ವೇರ್ ಮತ್ತೆ ಹಾಕಿ, ಫಾಂಟ್ ಬಂತು ಅಂದ್ರೆ ಕನ್ನಡವೂ ಬಂತು. ಫೈಲ್ ತೆರ್ಕೊಳ್ತಿದೆ ಅನ್ನೋದೇ ಇದು ಎನ್‌ಕ್ರಿಪ್ಷನ್ ಅಲ್ಲ ಅನ್ನೋದಕ್ಕೆ ಸಾಕ್ಷಿ.

ಎರಡನೇದು ಬರೀ ಪರ್ಮಿಷನ್ ತೊಂದ್ರೆ. ಹಳೇ ಯೂಸರ್ ಹೆಸರಲ್ಲಿ ಫೋಲ್ಡರ್ ಇರುತ್ತೆ, ಹೊಸ ಯೂಸರ್‌ಗೆ ಹಕ್ಕಿರಲ್ಲ. ಇದು ಸಲೀಸು, ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಅನ್ನೋ ಕಡೆ ನಿಮ್ಮ ಹೆಸ್ರು ಹಾಕಿ, ಪರ್ಮಿಷನ್ ಪಟ್ಟಿಯಲ್ಲೂ ನಿಮಗೆ ಫುಲ್ ಕಂಟ್ರೋಲ್ ಕೊಟ್ರೆ ಕೆಲಸ ಮುಗೀತು. ಓನರ್ ಬದಲಾಯಿಸಿದ ಮೇಲೂ ಆಕ್ಸೆಸ್ ಡಿನೈಡ್ ಅಂತಲೇ ಬರ್ತಿದ್ರೆ ಆಗ ಅನುಮಾನ ಪಡಿ. ಅದೇ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಜನರಲ್ ಟ್ಯಾಬಲ್ಲಿರೋ ಅಡ್ವಾನ್ಸ್ಡ್ ಬಟನ್ ಒತ್ತಿ, ಅಲ್ಲಿ "ಎನ್‌ಕ್ರಿಪ್ಟ್ ಕಂಟೆಂಟ್ಸ್ ಟು ಸೆಕ್ಯೂರ್ ಡೇಟಾ" ಅನ್ನೋದಕ್ಕೆ ಟಿಕ್ ಬಿದ್ದಿದ್ರೆ ಅದು ಇಎಫ್‌ಎಸ್, ಅಂದ್ರೆ ಫೈಲ್‌ಗಳನ್ನ ಒಂದೊಂದಾಗಿ ಎನ್‌ಕ್ರಿಪ್ಟ್ ಮಾಡೋ ವಿಂಡೋಸಿನದೇ ವ್ಯವಸ್ಥೆ. ವಿಂಡೋಸ್ 7, ಎಕ್ಸ್‌ಪಿ ಕಾಲದಲ್ಲಿ ಇಂಥ ಫೈಲ್ ಹೆಸ್ರು ಹಸಿರು ಬಣ್ಣದಲ್ಲಿ ಕಾಣ್ತಿತ್ತು, 10ರಲ್ಲಿ ಐಕಾನ್ ಮೇಲೆ ಪುಟ್ಟ ಬೀಗ ಕಾಣುತ್ತೆ. ಈ ಟಿಕ್ಕನ್ನ ಯಾವತ್ತೋ ಒಂದಿನ ನೀವೇ ಹಾಕಿರ್ತೀರ, ಇಲ್ಲ ಮನೇಲಿ ಬೇರೆ ಯಾರೋ "ಸೇಫ್ ಇರ್ಲಿ" ಅಂತ ಹಾಕಿರ್ತಾರೆ, ಪಾಸ್‌ವರ್ಡ್ ಏನೂ ಕೇಳ್ದೆ ತನ್ನ ಪಾಡಿಗೆ ಕೆಲಸ ಮಾಡ್ತಿರುತ್ತೆ, ಅದಕ್ಕೇ ಹಾಕಿದ್ದು ಮರ್ತೂ ಹೋಗಿರುತ್ತೆ.

ಮೂರನೇದು ಬಿಟ್‌ಲಾಕರ್, ಇಡೀ ಡ್ರೈವನ್ನೇ ಲಾಕ್ ಮಾಡೋ ವಿಂಡೋಸಿನ ಇನ್ನೊಂದು ವ್ಯವಸ್ಥೆ. ಇಡೀ ಡ್ರೈವೇ ಬೀಗದ ಐಕಾನ್ ಇಟ್ಕೊಂಡು ಕೂತಿರುತ್ತೆ, ಒಳಗಿನ ಫೋಲ್ಡರ್ ಹೆಸ್ರೂ ಕಾಣಲ್ಲ. ಇದರ ದಾರಿ ಬೇರೆ, ಕೆಳಗೆ ಹೇಳ್ತೀನಿ. ನಾಲ್ಕನೇದು ರ್ಯಾನ್ಸಮ್‌ವೇರ್, ಅಂದ್ರೆ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್, ಫೈಲ್ ಹೆಸರಿನ ಬಾಲಕ್ಕೆ ವಿಚಿತ್ರ ಅಕ್ಷರ ಸೇರ್ಕೊಂಡು ಪ್ರತಿ ಫೋಲ್ಡರಲ್ಲೂ ದುಡ್ಡು ಕೇಳೋ ಟೆಕ್ಸ್ಟ್ ಫೈಲ್ ಇದ್ರೆ ಈ ಬರಹ ನಿಮಗೆ ಉಪಯೋಗಕ್ಕೆ ಬರಲ್ಲ, ಯೂರೋಪೋಲ್ ಮತ್ತೆ ಡಚ್ ಪೊಲೀಸ್ ಸೇರಿ 2016ರಲ್ಲಿ ಶುರು ಮಾಡಿದ "ನೋ ಮೋರ್ ರ್ಯಾನ್ಸಮ್" ಸೈಟಲ್ಲಿ ಆ ಜಾತಿಗೆ ಫ್ರೀ ಟೂಲ್ ಇದ್ಯಾ ನೋಡಿ.

ಉಳಿದಿದ್ದೆಲ್ಲಾ ಇಎಫ್‌ಎಸ್ ಬಗ್ಗೆ, ಯಾಕಂದ್ರೆ ಓಎಸ್ ಹಾಕಿದ ಮೇಲೆ ಫೈಲ್ ಕಣ್ಣೆದುರೇ ಇದ್ದೂ ಓಪನ್ ಆಗ್ದೆ ಗೋಳು ಹೊಯ್ಕೊಳ್ಳೋದು ಇದೇ.

ಅದೇ ಹೆಸ್ರು ಅದೇ ಪಾಸ್‌ವರ್ಡ್ ಕೊಟ್ರೂ ಯಾಕೆ ಓಪನ್ ಆಗಲ್ಲ

ಇಎಫ್‌ಎಸ್ ವಿಂಡೋಸ್ 2000 ಜೊತೆ ಬಂದಿದ್ದು. ಇದು ಕೆಲಸ ಮಾಡೋ ರೀತಿ ಸ್ವಲ್ಪ ತಿಳ್ಕೊಂಡ್ರೆ ಏನು ಹುಡುಕ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ, ಹಾಗಾಗಿ ಇದನ್ನ ಸ್ಕಿಪ್ ಮಾಡ್ಬೇಡಿ. ಪ್ರತಿ ಫೈಲ್‌ಗೂ ಅದರದ್ದೇ ಒಂದು ಕೀ ಹುಟ್ಟುತ್ತೆ, ಆ ಕೀಯಿಂದ ಫೈಲ್ ಒಳಗಿರೋದು ಲಾಕ್ ಆಗುತ್ತೆ, ಎಕ್ಸ್‌ಪಿ ಸರ್ವಿಸ್ ಪ್ಯಾಕ್ 1ರಿಂದ ಈಚೆಗೆ ಅದು ಎಇಎಸ್ 256 ಅನ್ನೋ ಗಟ್ಟಿ ಲಾಕ್ ವಿಧಾನ. ಆ ಫೈಲ್ ಕೀನ ನಿಮ್ಮ ಸರ್ಟಿಫಿಕೇಟಿನ (ನಿಮ್ಮ ಹೆಸರಲ್ಲಿ ವಿಂಡೋಸ್ ಮಾಡಿಟ್ಟ ಡಿಜಿಟಲ್ ಗುರುತಿನ ಚೀಟಿ) ಪಬ್ಲಿಕ್ ಕೀ, ಅಂದ್ರೆ ಲಾಕ್ ಮಾಡೋಕೆ ಮಾತ್ರ ಬರೋ ಕೀ ಹಾಕಿ ಇನ್ನೊಂದ್ಸಲ ಲಾಕ್ ಮಾಡಿ ಫೈಲ್ ಜೊತೆಗೇ ಅಂಟಿಸಿಡುತ್ತೆ. ಅಂದ್ರೆ ಫೈಲ್ ಬಿಚ್ಚೋಕೆ ಅದರ ಜೋಡಿಯಾದ ನಿಮ್ಮ ಪ್ರೈವೇಟ್ ಕೀ ಬೇಕೇ ಬೇಕು. ಆ ಪ್ರೈವೇಟ್ ಕೀ ಡಿ ಡ್ರೈವಲ್ಲಿ ಇರಲ್ಲ, ಅದು ಇರೋದು ಸಿ ಡ್ರೈವಲ್ಲಿ ನಿಮ್ಮ ಯೂಸರ್ ಪ್ರೊಫೈಲ್ (ನಿಮ್ಮ ಯೂಸರ್ ಹೆಸರಿನ ಫೋಲ್ಡರ್) ಒಳಗೆ. ಆ ಪ್ರೈವೇಟ್ ಕೀನೂ ಬೆತ್ತಲೆ ಇಡಲ್ಲ, ಮಾಸ್ಟರ್ ಕೀ ಅಂತ ಇನ್ನೊಂದ್ರಿಂದ ಲಾಕ್ ಆಗಿರುತ್ತೆ, ಆ ಮಾಸ್ಟರ್ ಕೀ ನಿಮ್ಮ ಲಾಗಿನ್ ಪಾಸ್‌ವರ್ಡ್ ಮತ್ತೆ ನಿಮ್ಮ ಯೂಸರ್ ಐಡಿ ಎರಡೂ ಸೇರಿಸಿ ಲಾಕ್ ಆಗಿರುತ್ತೆ.

ಇಲ್ಲಿ ಯೂಸರ್ ಐಡಿ ಅಂದ್ರೆ ಹೆಸರಲ್ಲ, ಎಸ್‌ಐಡಿ ಅನ್ನೋ ಉದ್ದನೆ ನಂಬರು. ಊರಲ್ಲಿ ಇಬ್ರು ಮಂಜುನಾಥ ಇದ್ರೂ ಇಬ್ಬರ ಆಧಾರ್ ನಂಬರ್ ಬೇರೆ ಅಲ್ವಾ, ಹಾಗೆ ಹೊಸ ವಿಂಡೋಸಲ್ಲಿ ಮಂಜುನಾಥ ಅಂತಲೇ ಯೂಸರ್ ಮಾಡಿ ಅದೇ ಪಾಸ್‌ವರ್ಡ್ ಕೊಟ್ರೂ ವಿಂಡೋಸ್ ಕಣ್ಣಿಗೆ ಅವನು ಬೇರೆಯವನೇ, ಅವನ ಹತ್ರ ಹಳೇ ಪ್ರೈವೇಟ್ ಕೀ ಇಲ್ಲ. ಅಡ್ಮಿನ್ ಆಗಿದ್ರೂ ಅಷ್ಟೇ, ಅಡ್ಮಿನ್‌ಗೆ ಫೈಲ್ ಡಿಲೀಟ್ ಮಾಡೋ ಶಕ್ತಿ ಇರುತ್ತೆ, ಓದೋ ಶಕ್ತಿ ಇರಲ್ಲ. ಇದು ಸ್ವಲ್ಪ ಕ್ರೂರ ಅನ್ಸುತ್ತೆ, ಆದ್ರೆ ಲ್ಯಾಪ್‌ಟಾಪ್ ಕದ್ದವನೂ ಅದೇ ಅಡ್ಮಿನ್ ಆಟ ಆಡಬಹುದಲ್ವಾ, ಅವನನ್ನ ತಡೆಯೋಕೇ ಇದನ್ನ ಮಾಡಿರೋದು.

ಹಾಗಾಗಿ ನಮಗೆ ಬೇಕಾಗಿರೋದು ಎರಡರಲ್ಲೊಂದು. ಒಂದಾ ಯಾವತ್ತೋ ಬ್ಯಾಕಪ್ ತೆಗೆದಿಟ್ಟ ಸರ್ಟಿಫಿಕೇಟ್ ಫೈಲು, ಇಲ್ಲ ಹಳೇ ಪ್ರೊಫೈಲಿನ ಮೂರು ಫೋಲ್ಡರ್ ಜೊತೆಗೆ ಹಳೇ ಪಾಸ್‌ವರ್ಡು. ಇವೆರಡೂ ಇಲ್ದೆ ಮೂರನೇ ದಾರಿ ಆಫೀಸ್ ಕಂಪ್ಯೂಟರಿಗೆ ಮಾತ್ರ ಇದೆ.

ಡಿಸ್ಕ್ ಮೊದ್ಲು ಕಾಪಿ ಮಾಡ್ಕೊಳ್ಳಿ

ಏನೇ ಪ್ರಯತ್ನ ಮಾಡೋ ಮುಂಚೆ ಇಡೀ ಡಿಸ್ಕಿನ ಇಮೇಜ್ (ಇದ್ದದ್ದು ಇದ್ದಂಗೇ ಪೂರ್ತಿ ನಕಲು) ಬೇರೆ ಹಾರ್ಡ್‌ಡಿಸ್ಕಿಗೆ ತಗೊಳ್ಳಿ, ಡಿ ಡ್ರೈವ್ ಮಾತ್ರ ಅಲ್ಲ, ಸಿ ಡ್ರೈವೂ ಸೇರಿ, ಕೀ ಸಿಕ್ಕಿದ್ರೆ ಅಲ್ಲೇ ಸಿಗೋದು. ಕ್ಲೋನ್‌ಜಿಲ್ಲಾ ಅನ್ನೋ ಡಿಸ್ಕ್ ಕಾಪಿ ಸಾಫ್ಟ್‌ವೇರನ್ನ ಪೆನ್‌ಡ್ರೈವಿಂದ ಬೂಟ್ ಮಾಡಿ ಮಾಡಬಹುದು, ಆದ್ರೆ ಅದು ಮಾಮೂಲಿಯಾಗಿ ಬಳಕೆಯಲ್ಲಿರೋ ಬ್ಲಾಕ್ ಮಾತ್ರ ಕಾಪಿ ಮಾಡುತ್ತೆ, ಡಿಲೀಟ್ ಆದ ಜಾಗವೂ ಬೇಕು ಅಂದ್ರೆ ಸೆಕ್ಟರ್ ಟು ಸೆಕ್ಟರ್ ಅನ್ನೋ ತರದ ಆಯ್ಕೆ ತಗೋಬೇಕು, ಇಲ್ಲ ಲಿನಕ್ಸಲ್ಲಿ ಡಿಡಿರೆಸ್ಕ್ಯೂ ಅನ್ನೋ ಟೂಲ್ ಬಳಸಿ. ಬರೀ ಎನ್‌ಕ್ರಿಪ್ಟ್ ಆದ ಫೈಲ್‌ಗಳನ್ನ ಮಾತ್ರ ಎತ್ತಿಡೋಣ ಅಂತಿದ್ರೆ ಎಕ್ಸ್‌ಪ್ಲೋರರಲ್ಲಿ ಕಾಪಿ ಪೇಸ್ಟ್ ಆಗಲ್ಲ, ರೋಬೋಕಾಪಿ (robocopy) ಕಮಾಂಡಿಗೆ ಇಎಫ್‌ಎಸ್‌ರಾ (/EFSRAW) ಅನ್ನೋ ಸ್ವಿಚ್ ಇದೆ, ಅದು ಲಾಕ್ ಬಿಚ್ಚದೇ ಇದ್ದಂಗೇ ಇನ್ನೊಂದು ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನ ಮಾಮೂಲಿ ಫಾರ್ಮ್ಯಾಟ್) ಡ್ರೈವಿಗೆ ಕಾಪಿ ಮಾಡುತ್ತೆ. ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಇಲ್ಲ ಎಕ್ಸ್‌ಫ್ಯಾಟ್ ಅನ್ನೋ ಬೇರೆ ಫಾರ್ಮ್ಯಾಟಲ್ಲಿರುತ್ತೆ, ಅದನ್ನ ನೆಚ್ಕೋಬೇಡಿ.

ಇನ್ನೊಂದು ಮಾತು, ಸೈಫರ್ (cipher) ಅನ್ನೋ ಕಮಾಂಡ್ ಕೆಳಗೆ ಬಹಳ ಸಲ ಬರುತ್ತೆ, ಅದಕ್ಕೆ ಸ್ಲ್ಯಾಶ್ ಡಬ್ಲ್ಯೂ ಅಂತ ಒಂದು ಸ್ವಿಚ್ ಇದೆ, ಅದನ್ನ ಅಪ್ಪಿತಪ್ಪಿ ಹೊಡೀಬೇಡಿ, ಅದು ಖಾಲಿ ಜಾಗನ ಒರೆಸಿ ಹಾಕುತ್ತೆ, ಡಿಲೀಟ್ ಆಗಿರೋ ಕೀ ಅಲ್ಲೇ ಎಲ್ಲೋ ಉಳಿದಿದ್ರೆ ಅದೂ ಹೋಯ್ತು.

ಯಾವ ಕೀ ಬೇಕು ಅಂತ ಫೈಲನ್ನೇ ಕೇಳಿ

ಬಹಳ ಗೈಡ್‌ಗಳಲ್ಲಿ ಇದನ್ನ ಬಿಟ್ಟುಬಿಡ್ತಾರೆ, ನನ್ ಪ್ರಕಾರ ಇದೇ ಮುಖ್ಯ. ಕಮಾಂಡ್ ಪ್ರಾಂಪ್ಟ್‌ನ ಅಡ್ಮಿನ್ ಆಗಿ ತೆಗೆದು ಆ ಫೋಲ್ಡರಿಗೆ ಹೋಗಿ ಸೈಫರ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಸ್ಪೇಸ್ ಬಿಟ್ಟು ಸ್ಲ್ಯಾಶ್ ಸಿ, ಮತ್ತೆ ಸ್ಪೇಸ್, ಆಮೇಲೆ ಫೈಲ್ ಹೆಸ್ರು ಕೊಡಿ. ಫೈಲ್ ಓಪನ್ ಆಗ್ದಿದ್ರೂ ಇದು ಉತ್ರ ಕೊಡುತ್ತೆ, ಯಾವ ಯೂಸರ್ ಇದನ್ನ ಬಿಚ್ಚಬಹುದು, ಅವರ ಸರ್ಟಿಫಿಕೇಟಿನ ಥಂಬ್‌ಪ್ರಿಂಟ್ ಏನು, ರಿಕವರಿ ಸರ್ಟಿಫಿಕೇಟ್ ಯಾವ್ದಾದ್ರೂ ಇದ್ಯಾ ಅಂತ. ಥಂಬ್‌ಪ್ರಿಂಟ್ ಅಂದ್ರೆ 40 ಅಕ್ಷರದ ಸಂಖ್ಯೆ, 0ಯಿಂದ 9, ಎಯಿಂದ ಎಫ್. ಅದನ್ನ ಫೋಟೋ ತಗೊಂಡು ಇಟ್ಕೊಳ್ಳಿ.

ಇನ್ಮೇಲೆ ಯಾವ ಸರ್ಟಿಫಿಕೇಟ್ ಸಿಕ್ಕಿದ್ರೂ ಅದರ ಥಂಬ್‌ಪ್ರಿಂಟ್ ಇದಕ್ಕೆ ಮ್ಯಾಚ್ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಅದು ಈ ಫೈಲಿನ ಕೀ ಅಲ್ಲ, ಅದರ ಹಿಂದೆ ಟೈಮ್ ವೇಸ್ಟ್ ಮಾಡ್ಬೇಡಿ. ಬೇರೆ ಬೇರೆ ಫೋಲ್ಡರಿಂದ ಒಂದೊಂದು ಫೈಲ್ ಚೆಕ್ ಮಾಡಿ, ಯಾಕಂದ್ರೆ ಹಿಂದೆಯೂ ಒಂದೆರಡು ಸಲ ಓಎಸ್ ಹಾಕಿದ್ರೆ ಹಳೇ ಫೈಲ್‌ಗಳ ಥಂಬ್‌ಪ್ರಿಂಟೇ ಬೇರೆ ಇರುತ್ತೆ.

ಬ್ಯಾಕಪ್ ಸರ್ಟಿಫಿಕೇಟ್ ಹುಡುಕೋದು

ಮೊದಲನೇ ಸಲ ಎನ್‌ಕ್ರಿಪ್ಟ್ ಮಾಡಿದಾಗ ಬಲಗಡೆ ಕೆಳಗೆ "ನಿಮ್ಮ ಸರ್ಟಿಫಿಕೇಟ್ ಮತ್ತು ಕೀ ಬ್ಯಾಕಪ್ ಮಾಡ್ಕೊಳ್ಳಿ" ಅನ್ನೋ ಅರ್ಥದಲ್ಲಿ ವಿಂಡೋಸ್ ಒಂದು ನೋಟಿಫಿಕೇಷನ್ ತೋರ್ಸುತ್ತೆ. ಬಹಳ ಜನ ಕ್ಲೋಸ್ ಮಾಡಿರ್ತಾರೆ, ಕೆಲವರು ನೆಕ್ಸ್ಟ್ ನೆಕ್ಸ್ಟ್ ಒತ್ತಿ ಎಲ್ಲೋ ಸೇವ್ ಮಾಡಿರ್ತಾರೆ, ಅವರಿಗೇ ಗೊತ್ತಿರಲ್ಲ. ಆ ಫೈಲಿನ ಎಕ್ಸ್‌ಟೆನ್ಷನ್ ಪಿಎಫ್‌ಎಕ್ಸ್, ಕೆಲವು ಕಡೆ ಪಿ12 ಅಂತಲೂ ಇರುತ್ತೆ. ಹಳೇ ಪೆನ್‌ಡ್ರೈವ್, ಡಿವಿಡಿ, ಬೀರುನಲ್ಲಿರೋ ಹಳೇ ಹಾರ್ಡ್‌ಡಿಸ್ಕ್, ಗೂಗಲ್ ಡ್ರೈವ್, ನಿಮಗೆ ನೀವೇ ಕಳಿಸ್ಕೊಂಡ ಮೇಲ್ ಅಟ್ಯಾಚ್‌ಮೆಂಟು, ಎಲ್ಲಾ ಕಡೆ ಡಾಟ್ ಪಿಎಫ್‌ಎಕ್ಸ್ ಅಂತ ಸರ್ಚ್ ಕೊಡಿ. ಸಿಇಆರ್ ಅಂತ ಕೊನೆ ಆಗೋ ಫೈಲ್ ಸಿಕ್ಕಿದ್ರೆ ಖುಷಿ ಪಡ್ಬೇಡಿ, ಅದರಲ್ಲಿ ಪಬ್ಲಿಕ್ ಕೀ ಮಾತ್ರ ಇರುತ್ತೆ, ಬಿಚ್ಚೋಕೆ ಬರಲ್ಲ.

ಪಿಎಫ್‌ಎಕ್ಸ್ ಸಿಕ್ತು ಅಂದ್ರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಕರೆಂಟ್ ಯೂಸರ್ ಸೆಲೆಕ್ಟ್ ಮಾಡಿ, ಪಾಸ್‌ವರ್ಡ್ ಕೇಳುತ್ತೆ, ಇದು ಲಾಗಿನ್ ಪಾಸ್‌ವರ್ಡ್ ಅಲ್ಲ, ಎಕ್ಸ್‌ಪೋರ್ಟ್ ಮಾಡುವಾಗ ಕೊಟ್ಟಿದ್ದು. ಎಕ್ಸ್‌ಪೋರ್ಟಬಲ್ ಅನ್ನೋದಕ್ಕೆ ಟಿಕ್ ಹಾಕಿ, ಇಲ್ದಿದ್ರೆ ಮುಂದೆ ಇದನ್ನ ಇನ್ನೊಂದ್ಸಲ ಬ್ಯಾಕಪ್ ತೆಗೆಯೋಕೆ ಬರಲ್ಲ. ಸ್ಟೋರ್ ಅಂತ ಕೇಳಿದ್ರೆ ಪರ್ಸನಲ್ ಕೊಡಿ. ಫಿನಿಶ್ ಆದ್ಮೇಲೆ ಫೈಲ್ ಓಪನ್ ಮಾಡಿ ನೋಡಿ, ಓಪನ್ ಆಗ್ಲೇಬೇಕು. ಆಗ್ಲಿಲ್ಲ ಅಂದ್ರೆ ಸರ್ಟ್‌ಎಂಜಿಆರ್ (certmgr.msc, ಸರ್ಟಿಫಿಕೇಟ್‌ಗಳ ಪಟ್ಟಿ ತೋರ್ಸೋ ವಿಂಡೋಸ್ ಟೂಲ್) ತೆಗೆದು ಪರ್ಸನಲ್ ಒಳಗೆ ಥಂಬ್‌ಪ್ರಿಂಟ್ ಹೋಲಿಸಿ ನೋಡಿ, ಇಲ್ಲಾಂದ್ರೆ ನಿಮ್ಮ ವಿಂಡೋಸ್ ಹೋಮ್ ಎಡಿಷನ್ ಆಗಿರಬಹುದು. ಹಳೇದು ಪ್ರೊ ಇತ್ತು, ಹೊಸದಾಗಿ ಹೋಮ್ ಹಾಕ್ಕೊಟ್ರು ಅನ್ನೋದು ತುಂಬಾ ಕಾಮನ್ನು. ಹೋಮಲ್ಲಿ ಇಎಫ್‌ಎಸ್ ನೆಟ್ಟಗೆ ಸಿಗಲ್ಲ, ಡಿಸ್ಕನ್ನ ಪ್ರೊ ಇರೋ ಮಷೀನಿಗೆ ಹಾಕಿ ಅಲ್ಲಿ ಇಂಪೋರ್ಟ್ ಮಾಡಿ.

ವಿಂಡೋಸ್ ಡಾಟ್ ಓಲ್ಡ್ ಇದ್ರೆ ಅರ್ಧ ಗೆದ್ದಂಗೆ

ಪಿಎಫ್‌ಎಕ್ಸ್ ಇಲ್ಲ ಅನ್ನೋರು ಸಿ ಡ್ರೈವ್ ತೆಗೆದು ವಿಂಡೋಸ್ ಡಾಟ್ ಓಲ್ಡ್ ಅನ್ನೋ ಫೋಲ್ಡರ್ ಇದ್ಯಾ ನೋಡಿ. ಅಪ್‌ಗ್ರೇಡ್ ಮಾಡಿದ್ರೆ, ಇಲ್ಲ ಪಾರ್ಟಿಷನ್ ಫಾರ್ಮ್ಯಾಟ್ ಮಾಡ್ದೆ ಅದರ ಮೇಲೇ ಹೊಸದಾಗಿ ಹಾಕಿದ್ರೆ ಹಳೇ ಪ್ರೊಫೈಲೆಲ್ಲಾ ಇದರೊಳಗೆ ಹೋಗಿ ಕೂರುತ್ತೆ. ಅಪ್‌ಗ್ರೇಡ್ ಆಗಿ 10 ದಿನ ಆದ್ಮೇಲೆ ವಿಂಡೋಸೇ ಇದನ್ನ ಅಳಿಸುತ್ತೆ, ಅದಕ್ಕೇ ಮೊದ್ಲು ಕಂಪ್ಯೂಟರ್ ಆಫ್ ಮಾಡಿ ಅಂದಿದ್ದು. ಅಪ್‌ಗ್ರೇಡ್ ಆಗಿದ್ದು, 10 ದಿನ ಆಗಿಲ್ಲ ಅಂದ್ರೆ ಸೆಟ್ಟಿಂಗ್ಸಲ್ಲಿ ರಿಕವರಿಗೆ ಹೋಗಿ ಗೋ ಬ್ಯಾಕ್ ಒತ್ತಿ ಹಳೇ ವಿಂಡೋಸಿಗೇ ವಾಪಸ್ ಹೋಗ್ಬಿಡಿ, ಹಳೇ ಪಾಸ್‌ವರ್ಡಲ್ಲಿ ಲಾಗಿನ್ ಆಗಿ, ಸೈಫರ್ ಸ್ಲ್ಯಾಶ್ ಎಕ್ಸ್ ಅಂತ ಹೊಡೆದು ಪಿಎಫ್‌ಎಕ್ಸ್ ತಗೊಳ್ಳಿ, ಇದಕ್ಕಿಂತ ಸುಲಭದ ದಾರಿ ಇಲ್ಲ. ಹಳೇ ಸಿಸ್ಟಮ್ ಇಮೇಜ್ ಬ್ಯಾಕಪ್ ಇದ್ರೂ ಹಾಗೇ, ಅದನ್ನ ಒಂದು ಖಾಲಿ ಡಿಸ್ಕಿಗೆ ರಿಸ್ಟೋರ್ ಮಾಡಿ ಬೂಟ್ ಮಾಡಿದ್ರೆ ಆಯ್ತು.

ಎಸ್‌ಎಸ್‌ಡಿ ಹೊಸದು ಹಾಕಿಸಿ ಅದಕ್ಕೆ ಓಎಸ್ ಹಾಕಿಸಿರೋರು ಹಳೇ ಹಾರ್ಡ್‌ಡಿಸ್ಕ್ ಎಲ್ಲಿ ಅಂತ ಅಂಗಡಿಯವರನ್ನ ಕೇಳಿ. ಅದು ಸುಮ್ನೆ ಡಬ್ಬದಲ್ಲಿ ಬಿದ್ದಿದ್ರೆ ನಿಮ್ಮ ಕೀ ಪೂರ್ತಿ ಅಲ್ಲೇ ಇದೆ.

ಈಗ ಹಿಂದಕ್ಕೆ ಹೋಗೋಕೆ ಆಗಲ್ಲ, ಆದ್ರೆ ವಿಂಡೋಸ್ ಡಾಟ್ ಓಲ್ಡೋ ಹಳೇ ಪ್ರೊಫೈಲಿನ ಕಾಪಿಯೋ ಕೈಲಿದೆ ಅನ್ನೋ ಕೇಸು. ಹಳೇ ಯೂಸರ್ ಫೋಲ್ಡರಲ್ಲಿ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಅದರೊಳಗೆ ಮೈಕ್ರೋಸಾಫ್ಟ್ ಅಂತ ಹೋಗಿ. ಇಲ್ಲಿ ಮೂರು ಫೋಲ್ಡರ್ ಬೇಕು. ಸಿಸ್ಟಮ್‌ಸರ್ಟಿಫಿಕೇಟ್ಸ್ ಅನ್ನೋದರ ಒಳಗೆ ಮೈ, ಅದರೊಳಗೆ ಸರ್ಟಿಫಿಕೇಟ್ಸ್, ಅಲ್ಲಿರೋ ಫೈಲಿನ ಹೆಸರೇ ಥಂಬ್‌ಪ್ರಿಂಟು, ಮೊದ್ಲೇ ಫೋಟೋ ತಗೊಂಡ್ರಲ್ಲ ಆ 40 ಅಕ್ಷರಕ್ಕೆ ಹೋಲಿಸಿ. ಎರಡನೇದು ಕ್ರಿಪ್ಟೋ ಒಳಗೆ ಆರ್‌ಎಸ್‌ಎ, ಅದರೊಳಗೆ ಎಸ್ ಹೈಫನ್ 1 ಹೈಫನ್ 5 ಅಂತ ಶುರುವಾಗೋ ಫೋಲ್ಡರು, ಇದೇ ನಿಮ್ಮ ಹಳೇ ಎಸ್‌ಐಡಿ, ಒಳಗಿರೋದು ಪ್ರೈವೇಟ್ ಕೀಗಳು. ಮೂರನೇದು ಪ್ರೊಟೆಕ್ಟ್, ಅದರಲ್ಲೂ ಅದೇ ಎಸ್‌ಐಡಿ ಹೆಸರಿನ ಫೋಲ್ಡರ್, ಒಳಗೆ ಮಾಸ್ಟರ್ ಕೀಗಳು. ಇವು ಹಿಡನ್, ಅದರ ಮೇಲೆ ಸಿಸ್ಟಮ್ ಫೈಲ್ ಬೇರೆ, ಎಕ್ಸ್‌ಪ್ಲೋರರಲ್ಲಿ ಎರಡನ್ನೂ ತೋರ್ಸೋ ತರ ಸೆಟ್ಟಿಂಗ್ ಬದಲಾಯಿಸದೇ ಹೋದ್ರೆ ಫೋಲ್ಡರ್ ಖಾಲಿ ಕಾಣುತ್ತೆ, ಖಾಲಿ ಇದೆ ಅಂದ್ಕೊಂಡು ಬಿಟ್ಟುಬಿಡೋರೇ ಜಾಸ್ತಿ. ಮೂರನ್ನೂ ಪೂರ್ತಿ ಕಾಪಿ ಮಾಡಿ, ಒಂದೆರಡು ಫೈಲ್ ಆರ್ಸಿ ತಗೋಬೇಡಿ, ಯಾಕಂದ್ರೆ ವಿಂಡೋಸ್ ಸುಮಾರು ಮೂರು ತಿಂಗಳಿಗೊಂದು ಹೊಸ ಮಾಸ್ಟರ್ ಕೀ ಮಾಡ್ತಾ ಇರುತ್ತೆ, ಹಳೇದನ್ನೂ ಇಟ್ಕೊಂಡಿರುತ್ತೆ, ನಿಮ್ಮ ಪ್ರೈವೇಟ್ ಕೀ ಯಾವುದರಿಂದ ಲಾಕ್ ಆಗಿದೆ ಅಂತ ನೋಡಿದ ತಕ್ಷಣ ಹೇಳೋಕಾಗಲ್ಲ.

ಇಲ್ಲಿಂದ ಎರಡು ದಾರಿ. ದುಡ್ಡು ಕೊಟ್ಟು ಮಾಡೋದಾದ್ರೆ ಎಲ್ಕಾಮ್‌ಸಾಫ್ಟ್‌ನವರ ಅಡ್ವಾನ್ಸ್ಡ್ ಇಎಫ್‌ಎಸ್ ಡೇಟಾ ರಿಕವರಿ ಅನ್ನೋ ಟೂಲ್ ಇದೆ, ಅದು ಡಿಸ್ಕ್ ಸ್ಕ್ಯಾನ್ ಮಾಡಿ ಕೀಗಳನ್ನ ತಾನೇ ಹುಡುಕುತ್ತೆ, ಹಳೇ ಪಾಸ್‌ವರ್ಡ್ ಕೇಳುತ್ತೆ, ಸರಿಯಾದ್ರೆ ಫೈಲ್ ಬಿಚ್ಚಿ ಕೊಡುತ್ತೆ. ಟ್ರಯಲ್ ವರ್ಷನ್ ಪೂರ್ತಿ ಫೈಲ್ ಕೊಡಲ್ಲ, ಆದ್ರೆ ಕೀ ಸಿಕ್ತಾ ಇಲ್ವಾ ಅನ್ನೋದು ಅಲ್ಲೇ ಗೊತ್ತಾಗುತ್ತೆ, ಹಾಗಾಗಿ ಟ್ರಯಲ್ ಓಡಿಸ್ದೆ ದುಡ್ಡು ಕಟ್ಬೇಡಿ.

ಫ್ರೀ ದಾರಿ ಮಿಮಿಕ್ಯಾಟ್ಜ್. ಇದು ಹ್ಯಾಕರ್‌ಗಳ ಟೂಲ್ ಅಂತಲೇ ಹೆಸರಾಗಿರೋದ್ರಿಂದ ಆಂಟಿವೈರಸ್ ಡೌನ್‌ಲೋಡ್ ಆಗೋಕೂ ಬಿಡಲ್ಲ, ಆಫೀಸ್ ಕಂಪ್ಯೂಟರಲ್ಲಿ ಅಂತೂ ಮುಟ್ಟಲೇಬೇಡಿ, ಐಟಿಯವರು ಬಂದು ನಿಲ್ತಾರೆ. ನೆಟ್ ಇಲ್ದಿರೋ ಬೇರೆ ಮಷೀನ್ ಇಲ್ಲ ವರ್ಚುವಲ್ ಮಷೀನಲ್ಲಿ (ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ಕಂಪ್ಯೂಟರ್) ಮಾಡಿ. ಗಿಟ್‌ಹಬ್ ಅನ್ನೋ ಸಾಫ್ಟ್‌ವೇರ್ ಸೈಟಲ್ಲಿ ಅದರ ವಿಕಿಯಲ್ಲೇ ಇಎಫ್‌ಎಸ್ ಫೈಲ್ ಬಿಚ್ಚೋ ಪುಟ ಇದೆ, ಕಮಾಂಡ್ ಅಕ್ಷರಶಃ ಅಲ್ಲಿಂದ ತಗೊಳ್ಳಿ, ನಾನು ಕ್ರಮ ಹೇಳ್ತೀನಿ, ಕ್ರಮ ತಿಳಿದ್ರೆ ಎಲ್ಲಿ ಸಿಕ್ಕಾಕೊಂಡ್ರಿ ಅನ್ನೋದು ಗೊತ್ತಾಗುತ್ತೆ. ಮೊದ್ಲು ಥಂಬ್‌ಪ್ರಿಂಟ್ ಹೆಸರಿನ ಫೈಲಿಂದ ಸರ್ಟಿಫಿಕೇಟ್ ಹೊರಗೆ ತೆಗೀಬೇಕು, ಆಗ ಅದರ ಜೋಡಿ ಪ್ರೈವೇಟ್ ಕೀಯ ಕಂಟೈನರ್ ಹೆಸ್ರೂ ಕಾಣುತ್ತೆ. ಆಮೇಲೆ ಆರ್‌ಎಸ್‌ಎ ಫೋಲ್ಡರಲ್ಲಿರೋ ಫೈಲ್ ಒಂದೊಂದನ್ನೇ ಓದ್ಸಿ ಯಾವುದರಲ್ಲಿ ಆ ಕಂಟೈನರ್ ಹೆಸ್ರು ಇದೆ ನೋಡಬೇಕು, ಅದೇ ಫೈಲು ತಾನು ಯಾವ ಮಾಸ್ಟರ್ ಕೀಯಿಂದ ಲಾಕ್ ಆಗಿದೀನಿ ಅಂತಲೂ ಹೇಳುತ್ತೆ. ಆ ಹೆಸರಿನ ಮಾಸ್ಟರ್ ಕೀ ಫೈಲ್ ಪ್ರೊಟೆಕ್ಟ್ ಫೋಲ್ಡರಲ್ಲಿರುತ್ತೆ, ಅದನ್ನ ಹಳೇ ಪಾಸ್‌ವರ್ಡ್ ಕೊಟ್ಟು ಬಿಚ್ಚಬೇಕು. ಬಿಚ್ಕೊಂಡ ಮಾಸ್ಟರ್ ಕೀ ಕೊಟ್ಟು ಪ್ರೈವೇಟ್ ಕೀ ಬಿಚ್ಚಬೇಕು. ಕೊನೆಗೆ ಓಪನ್‌ಎಸ್‌ಎಸ್‌ಎಲ್ ಅನ್ನೋ ಟೂಲ್ ಬಳಸಿ ಸರ್ಟಿಫಿಕೇಟನ್ನೂ ಪ್ರೈವೇಟ್ ಕೀನೂ ಒಟ್ಟಿಗೆ ಸೇರಿಸಿ ಒಂದು ಪಿಎಫ್‌ಎಕ್ಸ್ ಕಟ್ಟಬೇಕು, ಅದನ್ನ ಹೊಸ ವಿಂಡೋಸಿಗೆ ಇಂಪೋರ್ಟ್ ಮಾಡಿದ್ರೆ ಫೈಲ್‌ಗಳು ಎಂದಿನಂತೆ ತೆರ್ಕೊಳ್ತವೆ. ಕೇಳೋಕೆ ಉದ್ದ, ಕೂತ್ರೆ ಒಂದು ಸಂಜೆ ಕೆಲಸ.

ಪಾಸ್‌ವರ್ಡ್ ಬಗ್ಗೆ ಎರಡು ಮಾತು. ಇಲ್ಲಿ ಬೇಕಾಗಿರೋದು ಹಳೇ ವಿಂಡೋಸಲ್ಲಿ ಕೊನೆಗೆ ಬಳಸ್ತಿದ್ದ ಪಾಸ್‌ವರ್ಡು, ಈಗಿನದಲ್ಲ, ನಾಲ್ಕಂಕಿ ಪಿನ್ನೂ ಅಲ್ಲ. ನೀವಾಗೇ ಪಾಸ್‌ವರ್ಡ್ ಬದಲಾಯಿಸಿದಾಗ ವಿಂಡೋಸ್ ಮಾಸ್ಟರ್ ಕೀನ ಹೊಸ ಪಾಸ್‌ವರ್ಡಿಗೆ ಹೊಂದಿಸುತ್ತೆ, ಆದ್ರೆ ಅಡ್ಮಿನ್ ಆಗಿ ಬೇರೆಯವರು ರಿಸೆಟ್ ಮಾಡಿದ್ರೆ, ಇಲ್ಲ ಪಾಸ್‌ವರ್ಡ್ ತೆಗೆಯೋ ಬೂಟ್ ಸಿಡಿ ಹಾಕಿ ಖಾಲಿ ಮಾಡಿದ್ರೆ ಹೊಂದಿಸಲ್ಲ, ಆಗ ರಿಸೆಟ್‌ಗೂ ಮುಂಚಿನ ಪಾಸ್‌ವರ್ಡೇ ಬೇಕು. "ಲಾಗಿನ್ ಆಗ್ತಿರ್ಲಿಲ್ಲ, ಪಾಸ್‌ವರ್ಡ್ ಒಡೆಸಿ ಆಮೇಲೆ ಓಎಸ್ ಹಾಕ್ಸಿದ್ವಿ" ಅನ್ನೋರು ಇದನ್ನ ನೆನಪಿಟ್ಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗ್ತಿದ್ದೋರಿಗೆ ಇದು ಇನ್ನೂ ತೊಡಕು, ಲೋಕಲ್ ಅಕೌಂಟಿನಷ್ಟು ಸಲೀಸಾಗಿ ಬಿಚ್ಕೊಳ್ಳಲ್ಲ. ಪಾಸ್‌ವರ್ಡ್ ಅರ್ಧಂಬರ್ಧ ನೆನಪಿದೆ, ಕೊನೇಲಿ ಗಾಡಿ ನಂಬರೋ ಹುಟ್ಟಿದ ವರ್ಷವೋ ಇತ್ತು ಅಂದ್ರೆ ಪಾಸ್‌ವರ್ಡ್ ಊಹೆಗಳನ್ನ ಒಂದೊಂದಾಗಿ ಹಾಕಿ ನೋಡೋ ಹ್ಯಾಶ್‌ಕ್ಯಾಟ್ ಅನ್ನೋ ಟೂಲಲ್ಲಿ ಮಾಸ್ಟರ್ ಕೀಗೇ ಅಂತ 15300, 15900 ನಂಬರಿನ ಮೋಡ್‌ಗಳಿವೆ, ಊಹೆಗಳ ಪಟ್ಟಿ ಕೊಟ್ಟು ಓಡಿಸಬಹುದು. ನಿಧಾನ ಆಗುತ್ತೆ, ಏನೂ ನೆನಪಿಲ್ದೆ ಕತ್ತಲಲ್ಲಿ ಹೊಡೆಯೋಕೆ ಅಲ್ಲ.

ಸಿ ಡ್ರೈವ್ ಫಾರ್ಮ್ಯಾಟ್ ಆಗಿಹೋಗಿದ್ರೆ

ಇಲ್ಲಿ ಡಿಸ್ಕ್ ಯಾವುದು ಅನ್ನೋದರ ಮೇಲೆ ಎಲ್ಲಾ ನಿಂತಿದೆ. ತಿರುಗೋ ಹಳೇ ಹಾರ್ಡ್‌ಡಿಸ್ಕ್, ಕ್ವಿಕ್ ಫಾರ್ಮ್ಯಾಟ್ ಮಾತ್ರ ಆಗಿದ್ದು, ಹೊಸ ಓಎಸ್ ಹಾಕಿದ್ಮೇಲೆ ಜಾಸ್ತಿ ಬಳಸಿಲ್ಲ ಅಂದ್ರೆ ಆಸೆ ಇದೆ. ಆ ಮೂರು ಫೋಲ್ಡರಿನ ಫೈಲ್‌ಗಳು ತೀರಾ ಚಿಕ್ಕವು, ಮಾಸ್ಟರ್ ಕೀ ಫೈಲ್ ಒಂದು ಕೆಬಿನೂ ಇರಲ್ಲ, ಅಷ್ಟು ಚಿಕ್ಕ ಫೈಲನ್ನ ಎನ್‌ಟಿಎಫ್‌ಎಸ್ ಬೇರೆ ಜಾಗದಲ್ಲಿ ಇಡದೆ ತನ್ನ ಫೈಲ್ ಪಟ್ಟಿಯ ಒಳಗೇ ಇಟ್ಕೊಳ್ಳುತ್ತೆ. ಹಳೇ ಪಟ್ಟಿಯ ಚೂರು ಉಳಿದಿದ್ರೂ ಸಿಗಬಹುದು. ಡಿಎಂಡಿಇ ಇಲ್ಲ ಆರ್ ಸ್ಟುಡಿಯೋ ತರದ, ಹಳೇ ಫೋಲ್ಡರ್ ರಚನೆ ಕಟ್ಟಿಕೊಡೋ ಟೂಲನ್ನ ಇಮೇಜ್ ಮೇಲೆ ಓಡಿಸಿ, ಅಸಲಿ ಡಿಸ್ಕ್ ಮೇಲೆ ಅಲ್ಲ. ಫೋಟೋರೆಕ್ ಅನ್ನೋ ರಿಕವರಿ ಟೂಲ್ ಇಲ್ಲಿ ಅಷ್ಟು ಉಪಯೋಗಕ್ಕೆ ಬರಲ್ಲ, ಅದು ಫೈಲ್ ಹೆಸರು ಫೋಲ್ಡರ್ ಎಲ್ಲಾ ಬಿಟ್ಟು ಒಳಗಿನ ಗುರುತು ನೋಡಿ ಎತ್ತುತ್ತೆ, ನಮಗೆ ಹೆಸರೇ ಮುಖ್ಯ.

ಎಸ್‌ಎಸ್‌ಡಿ ಆಗಿದ್ರೆ ಫಾರ್ಮ್ಯಾಟ್ ಆದ ಕೂಡ್ಲೇ ಟ್ರಿಮ್ ಅನ್ನೋ ಕಮಾಂಡ್ ಹೋಗಿ "ಈ ಜಾಗ ಖಾಲಿ" ಅಂತ ಡ್ರೈವಿಗೆ ಹೇಳುತ್ತೆ, ಡ್ರೈವ್ ಅದನ್ನ ತನ್ನ ಪಾಡಿಗೆ ಒರೆಸಿಬಿಡುತ್ತೆ. ಬಹುತೇಕ ಏನೂ ಸಿಗಲ್ಲ.

ಆಫೀಸಿನ ಕಂಪ್ಯೂಟರ್, ಡೊಮೈನಿಗೆ (ಆಫೀಸಿನ ಕಂಪ್ಯೂಟರ್‌ಗಳನ್ನೆಲ್ಲಾ ಒಂದೇ ಕಡೆಯಿಂದ ನಡೆಸೋ ಜಾಲ) ಸೇರಿದ್ದು ಅಂದ್ರೆ ಇಷ್ಟೆಲ್ಲಾ ಮಾಡೋ ಮುಂಚೆ ಐಟಿಯವರ ಹತ್ರ ಹೋಗಿ. ಡೊಮೈನಲ್ಲಿ ರಿಕವರಿ ಏಜೆಂಟ್ ಅಂತ ಒಬ್ಬರು ಇರ್ತಾರೆ, ಮಾಮೂಲಿಯಾಗಿ ಮೊದಲನೇ ಡೊಮೈನ್ ಕಂಟ್ರೋಲರಿನ (ಆ ಜಾಲ ನಡೆಸೋ ಸರ್ವರ್) ಅಡ್ಮಿನಿಸ್ಟ್ರೇಟರ್, ಪ್ರತಿ ಫೈಲಿನ ಕೀ ಅವರ ಹೆಸರಿಗೂ ಒಂದು ಕಾಪಿ ಲಾಕ್ ಆಗಿರುತ್ತೆ. ಸೈಫರ್ ಸ್ಲ್ಯಾಶ್ ಸಿ ಹೊಡೆದಾಗ ರಿಕವರಿ ಸರ್ಟಿಫಿಕೇಟ್ ಅಂತ ಕಂಡಿತ್ತಾ, ಆ ಥಂಬ್‌ಪ್ರಿಂಟನ್ನೇ ಅವರಿಗೆ ಕೊಡಿ. ಮನೆ ಕಂಪ್ಯೂಟರಿಗೆ ಈ ಭಾಗ್ಯ ವಿಂಡೋಸ್ 2000ರಲ್ಲಿ ಇತ್ತು, ಎಕ್ಸ್‌ಪಿಯಿಂದ ತೆಗೆದುಬಿಟ್ರು.

ಬಿಟ್‌ಲಾಕರ್ ಆಗಿದ್ರೆ

ಇದು ಒಂದು ಲೆಕ್ಕದಲ್ಲಿ ಸುಲಭ, ಬೇಕಾಗಿರೋದು 48 ಅಂಕಿಯ ರಿಕವರಿ ಕೀ ಅಷ್ಟೇ, ಆರಾರು ಅಂಕಿಯ ಎಂಟು ಗುಂಪು. ಹೊಸ ವಿಂಡೋಸಲ್ಲಿ ಡಿ ಡ್ರೈವ್ ಕ್ಲಿಕ್ ಮಾಡಿದ್ರೆ ಅದು ಕೇಳುತ್ತೆ, ಜೊತೆಗೆ ಕೀ ಐಡಿ ಅಂತಲೂ ತೋರ್ಸುತ್ತೆ. ಮೊದ್ಲು ತಾನಾಗೇ ತೆರ್ಕೊಳ್ತಿತ್ತಲ್ಲ ಅಂತೀರ, ಆಗ ಅನ್‌ಲಾಕ್ ಮಾಡೋ ಕೀ ಸಿ ಡ್ರೈವಲ್ಲಿ ಕೂತಿತ್ತು, ಅದು ಹೋಯ್ತು. ಮೈಕ್ರೋಸಾಫ್ಟ್ ಅಕೌಂಟ್ ಪೇಜಲ್ಲಿ ಡಿವೈಸಸ್ ಒಳಗೆ ರಿಕವರಿ ಕೀಗಳ ಪಟ್ಟಿ ಇರುತ್ತೆ, ಕೀ ಐಡಿ ಮ್ಯಾಚ್ ಆಗೋದನ್ನ ಟೈಪ್ ಮಾಡಿ. ಅಲ್ಲಿ ಇಲ್ಲಾಂದ್ರೆ ಲ್ಯಾಪ್‌ಟಾಪ್ ತಗೊಂಡ ಹೊಸದ್ರಲ್ಲಿ ಯಾರ ಅಕೌಂಟಲ್ಲಿ ಸೆಟಪ್ ಮಾಡಿದ್ರಿ ನೆನಪು ಮಾಡ್ಕೊಳ್ಳಿ, ಮಗಳದ್ದೋ ಅಣ್ಣಂದೋ ಕಾಲೇಜಿನ ಮೇಲ್ ಐಡಿಯೋ ಇರುತ್ತೆ, ಕೀ ಅವರ ಅಕೌಂಟಲ್ಲಿ ಸಿಗುತ್ತೆ. ವಿಂಡೋಸ್ 11ರ 24ಎಚ್2 ವರ್ಷನ್ನಿಂದ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಲ್ಲಿ ಸೈನ್ ಇನ್ ಆದ್ರೆ ಬಹಳ ಮಷೀನಲ್ಲಿ ಎನ್‌ಕ್ರಿಪ್ಷನ್ ಕೇಳ್ದೇನೇ ಆನ್ ಆಗುತ್ತೆ, "ನಾನು ಯಾವತ್ತೂ ಹಾಕೇ ಇಲ್ಲ" ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ, ಹೋಗಿ ನೋಡಿ. 48 ಅಂಕಿ ಎಲ್ಲೂ ಇಲ್ಲ, ಪ್ರಿಂಟೂ ಇಲ್ಲ, ಪೆನ್‌ಡ್ರೈವಲ್ಲಿ ಬಿಟ್‌ಲಾಕರ್ ರಿಕವರಿ ಕೀ ಅನ್ನೋ ಟೆಕ್ಸ್ಟ್ ಫೈಲೂ ಇಲ್ಲ ಅಂದ್ರೆ ಅಲ್ಲಿಗೆ ಮುಗೀತು.

ಫೈಲ್ ತೆರ್ಕೊಂಡ ಮೇಲೆ

ಇಎಫ್‌ಎಸ್ ಕೀ ಸಿಕ್ಕಿ ಫೈಲ್ ಓಪನ್ ಆಯ್ತು ಅಂತ ಅಲ್ಲಿಗೇ ಬಿಟ್ಟು ಊಟಕ್ಕೆ ಎದ್ದು ಹೋಗ್ಬೇಡಿ. ಫೈಲ್ ಇನ್ನೂ ಲಾಕಲ್ಲೇ ಇದೆ, ನಿಮ್ಮ ಹತ್ರ ಈಗ ಕೀ ಇದೆ ಅಷ್ಟೇ. ಸೈಫರ್ ಸ್ಲ್ಯಾಶ್ ಡಿ, ಸ್ಪೇಸ್, ಸ್ಲ್ಯಾಶ್ ಎಸ್ ಕೋಲನ್, ಆಮೇಲೆ ಫೋಲ್ಡರಿನ ದಾರಿ ಕೊಟ್ರೆ ಒಳಗಿರೋದೆಲ್ಲಾ ಬಿಚ್ಕೊಳ್ಳುತ್ತೆ. ಮೌಸಲ್ಲೇ ಮಾಡೋದಾದ್ರೆ ಅಡ್ವಾನ್ಸ್ಡಲ್ಲಿರೋ ಆ ಟಿಕ್ ತೆಗೆದು, ಒಳಗಿನ ಫೋಲ್ಡರಿಗೂ ಅನ್ವಯಿಸಿ ಅಂತ ಕೇಳಿದಾಗ ಹೂಂ ಅನ್ನಿ. ಮುಗಿದ ಮೇಲೆ ಒಂದಷ್ಟು ಫೈಲನ್ನ ಪೆನ್‌ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಲ್ಲಿ ತೆಗೆದು ನೋಡಿ, ಅಲ್ಲಿ ಓಪನ್ ಆದ್ರೇನೇ ಆಯ್ತು ಅಂತ. ಅಷ್ಟಾಗೋ ತನಕ ಡಿಸ್ಕ್ ಇಮೇಜ್ ಡಿಲೀಟ್ ಮಾಡ್ಬೇಡಿ.

ಇಷ್ಟೆಲ್ಲಾ ಮಾಡಿಯೂ ಕೀ ಸಿಗಲಿಲ್ಲ ಅಂದ್ರೆ, "ನಾವು ಡಿಕ್ರಿಪ್ಟ್ ಮಾಡ್ಕೊಡ್ತೀವಿ, ಅಡ್ವಾನ್ಸ್ ಇಷ್ಟು" ಅನ್ನೋರು ಸಿಕ್ಕೇ ಸಿಗ್ತಾರೆ. ಅವರಿಗೆ ಒಂದೇ ಪ್ರಶ್ನೆ ಕೇಳಿ, ಕೀ ಎಲ್ಲಿಂದ ತರ್ತೀರ ಅಂತ. ಹಳೇ ಪ್ರೊಫೈಲ್ ಹುಡುಕ್ತೀವಿ, ಸಿಕ್ಕಿದ್ರೆ ಮಾತ್ರ ದುಡ್ಡು ತಗೋತೀವಿ ಅಂದ್ರೆ ಅವರಿಗೆ ಕೆಲಸ ಗೊತ್ತಿದೆ, ಇಮೇಜ್ ಕೊಡಿ, ಅಸಲಿ ಡಿಸ್ಕ್ ಕೊಡ್ಬೇಡಿ. ನಮ್ಮ ಹತ್ರ ಸಾಫ್ಟ್‌ವೇರ್ ಇದೆ, ಕೀ ಇಲ್ದೆನೇ ಒಡೀತೀವಿ ಅಂದ್ರೆ ಎದ್ದು ಬನ್ನಿ, ಎಇಎಸ್ 256ನ ಹಾಗೆ ಒಡೆಯೋ ಸಾಫ್ಟ್‌ವೇರ್ ಯಾರ ಹತ್ರನೂ ಇಲ್ಲ. ಎನ್‌ಕ್ರಿಪ್ಟ್ ಆದ ಫೈಲ್‌ಗಳನ್ನ ಮಾತ್ರ ರೋಬೋಕಾಪಿಯಲ್ಲಿ ಎತ್ತಿ ಒಂದು ಹಳೇ ಎನ್‌ಟಿಎಫ್‌ಎಸ್ ಡಿಸ್ಕಲ್ಲಿ ಹಾಕಿಡಿ, ಥಂಬ್‌ಪ್ರಿಂಟಿನ ಫೋಟೋನೂ ಅದರಲ್ಲೇ ಇರ್ಲಿ, ಮನೆ ಬದಲಾಯಿಸುವಾಗ ಯಾವುದೋ ಡಬ್ಬದಿಂದ ಪಿಎಫ್‌ಎಕ್ಸ್ ಇರೋ ಸಿಡಿ ಉದುರಿದ್ರೆ ಆವತ್ತು ಬೇಕಾಗುತ್ತೆ.